ಬಡಾವಣೆಯೊಳಗಿನ ಊರು: ದಕ್ಷಿಣ ಬೆಂಗಳೂರಿನ ವಸತಿ ಮತ್ತು ಸ್ಥಳನಾಮ

ಪೂರ್ವ ಯುರೋಪಿನ ಹಲವು ನಗರಗಳಲ್ಲಿ 1989ರ ಬಳಿಕ ಸರ್ಕಾರಿ ವಸತಿಗೃಹಗಳು ಅಲ್ಲಿನ ನಿವಾಸಿಗಳಿಗೇ ಮಾರಾಟವಾದವು. ಈ ಪಲ್ಲಟವನ್ನು ವಿವರಿಸಲು ಬಳಕೆಗೆ ಬಂದ ‘ಸಮಾಜವಾದೋತ್ತರ ನಗರ’ ಎಂಬ ಪರಿಕಲ್ಪನೆಯನ್ನು ದಕ್ಷಿಣ ಬೆಂಗಳೂರಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಇಲ್ಲಿ ಪ್ರಭುತ್ವವು ಮುಖ್ಯವಾಗಿ ಹಂಚಿದ್ದು ಮನೆಯನ್ನಲ್ಲ, ನಿವೇಶನವನ್ನು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೂ 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು ಬಡಾವಣೆಗಳನ್ನು ರಚಿಸಿದವು. 1991ರ ಆರ್ಥಿಕ ಉದಾರೀಕರಣದ ತರುವಾಯ ಜಯನಗರ, ಜೆ.ಪಿ. ನಗರಗಳ ಅನೇಕ ಒಂಟಿಮನೆಗಳು ಅಪಾರ್ಟ್‌ಮೆಂಟುಗಳಿಗೆ ಎಡೆಗೊಟ್ಟಾಗ ಲಾಭ ನಿವೇಶನದಾರರದಾಯಿತು. ಸ್ವಾಧೀನಕಾಲದ ಪರಿಹಾರ ಪಡೆದ ಮೂಲ ಸಾಗುವಳಿದಾರರು ಆ ಏರಿಕೆಯಿಂದ ಬಹುಮಟ್ಟಿಗೆ ಹೊರಗುಳಿದರು.

ಈ ನಷ್ಟದ ಕುರುಹು ಸ್ಥಳನಾಮದಲ್ಲಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ‘ಬಿ.ಟಿ.ಎಂ.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿವೆ. ‘ಸಂದ್ರ’ದಲ್ಲಿ ಸಮುದ್ರವೆನಿಸಿಕೊಂಡ ಹಿರಿಯ ಕೆರೆಯಿದೆ, ತಾವರೆಕೆರೆಯಲ್ಲಿ ಹೂವೂ ನೀರೂ ಇವೆ, ಮಡಿವಾಳದಲ್ಲಿ ಬಟ್ಟೆ ಮಡಿಮಾಡುವ ಕಾಯಕದ ಹೆಸರಿದೆ. ಸಂಕ್ಷಿಪ್ತಾಕ್ಷರಗಳಲ್ಲಿ ಇವಾವುವೂ ಉಳಿದಿಲ್ಲ. ಹಳ್ಳಿಯನ್ನು ನಗರದಾಚೆಯೇ ಅರಸುವ ರೂಢಿಯನ್ನು ಜಾನಪದ ಅಧ್ಯಯನವು ಬಿಡಬೇಕಾಗಿದೆ. ಅಡ್ಡರಸ್ತೆಗಳ ನಡುವೆ ಉಳಿದಿರುವ ಊರಿನ ನೆನಪನ್ನು ಭೂಸ್ವಾಧೀನದ ದಾಖಲೆಯ ಜೊತೆಗಿರಿಸಿ ಓದಬೇಕಾಗಿದೆ.