ಜೀನೋಮ್‌ವ್ಯಾಪಿ ಅಧ್ಯಯನಗಳು: ಗಳಿಕೆಯ ನೆಲೆ, ಭವಿಷ್ಯದ ಹಂಬಲ

ಸಕ್ಕರೆಕಾಯಿಲೆ, ಹೃದ್ರೋಗ, ಖಿನ್ನತೆಯಂಥ ಹಲವು ಕಾರಣಗಳ ಕಾಯಿಲೆಗಳಿಗೂ ವಂಶವಾಹಿಗಳಿಗೂ ಇರುವ ನಂಟನ್ನು ಅರಸುವ ಸಂಶೋಧನೆಯಲ್ಲಿ ಕಳೆದ ಎರಡು ದಶಕಗಳಿಂದ ಮುಂಚೂಣಿಯಲ್ಲಿರುವ ವಿಧಾನವೆಂದರೆ ಜೀನೋಮ್‌ವ್ಯಾಪಿ ಸಾಹಚರ್ಯ ಅಧ್ಯಯನ. ಜೀನೋಮ್ ಎಂದರೆ ಜೀವಕೋಶದಲ್ಲಿರುವ ಡಿಎನ್‌ಎಯ ಇಡೀ ಪಾಠ. ಮನುಷ್ಯನಲ್ಲಿ ಅದು ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದವಾಗಿದ್ದು, ಯಾವುದೇ ಇಬ್ಬರ ಪಾಠಗಳನ್ನು ಹೋಲಿಸಿದರೆ ಸರಾಸರಿ ಸಾವಿರ ಅಕ್ಷರಗಳಿಗೆ ಒಂದು ಬೇರೆಯಾಗಿರುತ್ತದೆ. ಹೀಗೆ ಜನರಲ್ಲಿ ಸಾಮಾನ್ಯವಾಗಿ ಬದಲಾಗುವ ಒಂಟಿ ಅಕ್ಷರದ ತಾಣಗಳಿಗೆ ಸ್ನಿಪ್ ಎಂಬ ಹೆಸರು ರೂಢಿಯಾಗಿದೆ. ಕಾಯಿಲೆಯಿರುವ ಸಾವಿರಾರು ಜನರನ್ನೂ ಇಲ್ಲದ ಸಾವಿರಾರು ಜನರನ್ನೂ ಆರಿಸಿಕೊಂಡು, ಲಕ್ಷಾಂತರ ಸ್ನಿಪ್‌ಗಳ ಪೈಕಿ ಯಾವುದರಲ್ಲಿ ಈ ಎರಡು ಗುಂಪುಗಳ ನಡುವೆ ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ವ್ಯತ್ಯಾಸವಿದೆ ಎಂದು ಲೆಕ್ಕಹಾಕುವುದೇ ಈ ವಿಧಾನದ ತಿರುಳು. ಇದರ ಯಶಸ್ಸಿನ ಶ್ರೇಯಸ್ಸನ್ನು ಡಿಎನ್‌ಎ ಓದುವ ಯಂತ್ರಗಳ ವೇಗಕ್ಕೆ ಸಲ್ಲಿಸುವುದು ವಾಡಿಕೆಯಾದರೂ, ವಿಧಾನದ ನಿಜವಾದ ಬಲ ಅದು ತನ್ನ ಮೇಲೆ ತಾನೇ ಹೇರಿಕೊಂಡ ಸಂಖ್ಯಾಶಾಸ್ತ್ರದ ಶಿಸ್ತಿನಲ್ಲಿದೆ. ಆ ಶಿಸ್ತು ಸಡಿಲವಾದ ಕಡೆಗಳಲ್ಲೆಲ್ಲ ವಿಧಾನವೂ ಸೋತಿದೆ.

ಈ ಶಿಸ್ತಿನ ಬೇರು ಹಳೆಯದು. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡದ್ದು ಇದೆ ಅಥವಾ ಇಲ್ಲ ಎಂಬಂಥ ಲಕ್ಷಣಗಳನ್ನು. ಆದರೆ ಎತ್ತರ, ತೂಕ, ರಕ್ತದೊತ್ತಡಗಳು ಏರಿಳಿತದ ನಿರಂತರ ಅಳತೆಗಳು. ಎರಡನ್ನೂ ಒಂದೇ ನಿಯಮ ಆಳುತ್ತದೆಯೇ ಎಂಬ ದೀರ್ಘ ಜಗಳಕ್ಕೆ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ 1918ರಲ್ಲಿ ಪ್ರಕಟಿಸಿದ ಪ್ರಬಂಧ ತೆರೆ ಎಳೆಯಿತು: ತಲಾ ಅತ್ಯಲ್ಪ ಪರಿಣಾಮ ಬೀರುವ ಅನೇಕ ಮೆಂಡೆಲೀಯ ಅಂಶಗಳು ಒಟ್ಟುಗೂಡಿದರೆ ಎತ್ತರದಂಥ ನಿರಂತರ ಲಕ್ಷಣ ತಾನಾಗಿಯೇ ಮೂಡುತ್ತದೆಂದು ಅವರು ಗಣಿತದಿಂದ ತೋರಿಸಿದರು. ಪ್ರತಿಯೊಂದು ಅಂಶದ ಪರಿಣಾಮ ಅತ್ಯಲ್ಪವಾದರೆ ಅದನ್ನು ಪತ್ತೆಮಾಡಲು ಬಹುದೊಡ್ಡ ಮಾದರಿ ಬೇಕು ಎಂಬುದು ಅದರಿಂದ ನೇರವಾಗಿ ಹೊರಡುವ ಮಾತು. ಆಶ್ಚರ್ಯವೆಂದರೆ, ಡಿಎನ್‌ಎಯನ್ನು ಓದುವ ಸೌಕರ್ಯ ಕೈಗೆ ಬಂದ ಮೇಲೆ ವೈದ್ಯಕೀಯ ಸಂಶೋಧನೆ ಮೊದಲು ಮರೆತದ್ದು ಇದೇ ಮಾತನ್ನು.

1990ರ ದಶಕ ಮತ್ತು ಅದರ ಆಚೀಚೆ ಚಾಲ್ತಿಯಲ್ಲಿದ್ದದ್ದು ಅಭ್ಯರ್ಥಿ ವಂಶವಾಹಿ ವಿಧಾನ, ಅಂದರೆ ಕಾಯಿಲೆಗೆ ಸಂಬಂಧಿಸಿರಬಹುದೆಂದು ಮೊದಲೇ ಊಹಿಸಿದ ಒಂದೆರಡು ವಂಶವಾಹಿಗಳನ್ನಷ್ಟೇ ಕೆಲವು ನೂರು ಜನರಲ್ಲಿ ಪರೀಕ್ಷಿಸುವ ಪದ್ಧತಿ. ಇದರ ಅತ್ಯಂತ ಪ್ರಸಿದ್ಧ ಫಲ 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮೆದುಳಿನ ಸೆರೊಟೋನಿನ್ ಸಾಗಣೆಗೆ ಸಂಬಂಧಿಸಿದ ವಂಶವಾಹಿಯ ಗಿಡ್ಡ ರೂಪವನ್ನು ಹೊತ್ತವರು ಬದುಕಿನ ಪೆಟ್ಟುಗಳಿಗೆ ಸಿಕ್ಕಾಗ ಇತರರಿಗಿಂತ ಹೆಚ್ಚಾಗಿ ಖಿನ್ನತೆಗೆ ಜಾರುತ್ತಾರೆಂದು ನ್ಯೂಜಿಲೆಂಡಿನ ಡುನೆಡಿನ್ ನಗರದ 847 ಯುವಜನರ ಮಾಹಿತಿಯಿಂದ ಅದು ಹೇಳಿತು. ಪ್ರಕೃತಿ ಮತ್ತು ಪರಿಸರ ಕೈಜೋಡಿಸುವ ಕಥನ ಅಷ್ಟು ಸುಂದರವಾಗಿದ್ದುದರಿಂದ ಅದರ ಬೆನ್ನಿಗೆ ಪ್ರಬಂಧಗಳ ಸಾಲೇ ಹೊರಟಿತು. 2009ರಲ್ಲಿ 14 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ಕಾಣಲಿಲ್ಲ. 2019ರಲ್ಲಿ ಖಿನ್ನತೆಯ 18 ಹೆಸರಾಂತ ಅಭ್ಯರ್ಥಿ ವಂಶವಾಹಿಗಳನ್ನು ಲಕ್ಷಾಂತರ ಜನರ ಮಾಹಿತಿಯಲ್ಲಿ ಪರೀಕ್ಷಿಸಿದಾಗ, ಯಾದೃಚ್ಛಿಕವಾಗಿ ಆರಿಸಿದ ವಂಶವಾಹಿಗಳಿಗಿಂತ ಇವು ಯಾವ ರೀತಿಯಲ್ಲೂ ವಿಶೇಷವಲ್ಲವೆಂದು ತಿಳಿಯಿತು. ಇಲ್ಲಿ ವಂಚನೆಯಾಗಲಿ ಸೋಮಾರಿತನವಾಗಲಿ ಇರಲಿಲ್ಲ. ಸಣ್ಣ ಮಾದರಿ, ಹಲವು ಬಗೆಯ ಉಪಗುಂಪುಗಳ ವಿಂಗಡಣೆ, ಫಲ ಕಂಡದ್ದನ್ನು ಮಾತ್ರ ಅಚ್ಚುಹಾಕುವ ಪತ್ರಿಕೆಗಳ ಒಲವು, ಇವು ಮೂರೂ ಸೇರಿದಾಗ ಪ್ರಾಮಾಣಿಕ ಸಂಶೋಧಕರ ಕೈಯಿಂದಲೂ ಸುಳ್ಳು ಫಲಿತಾಂಶಗಳೇ ಹೊರಬರುತ್ತವೆ.

ಇದರ ಹಿಂದಿನ ಲೆಕ್ಕವನ್ನು ಬಿಡಿಸಿ ನೋಡಬೇಕು. ಎರಡು ಗುಂಪುಗಳ ನಡುವೆ ವಾಸ್ತವವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ಕಂಡಷ್ಟು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವವನ್ನು ಪಿ-ಮೌಲ್ಯ ಎನ್ನುತ್ತಾರೆ; ಅದು 0.05ಕ್ಕಿಂತ, ಅಂದರೆ ಇಪ್ಪತ್ತರಲ್ಲಿ ಒಂದಕ್ಕಿಂತ, ಕಡಿಮೆಯಾದರೆ ಫಲಿತಾಂಶವನ್ನು ಗಣನೀಯವೆಂದು ಒಪ್ಪುವುದು ಜೀವವಿಜ್ಞಾನದ ಹಳೆಯ ರೂಢಿ. ಒಂದೇ ಪ್ರಶ್ನೆ ಕೇಳಿದಾಗ ಈ ಮಿತಿ ಹೇಗೋ ನಡೆದೀತು, ಆದರೆ ಹತ್ತು ಲಕ್ಷ ಸ್ನಿಪ್‌ಗಳಿಗೆ ಅದೇ ಪ್ರಶ್ನೆ ಕೇಳಿದರೆ, ಒಂದಕ್ಕೂ ಕಾಯಿಲೆಯ ಸಂಬಂಧವಿಲ್ಲದಿದ್ದರೂ, 50,000 ಸ್ನಿಪ್‌ಗಳು ಗಣನೀಯವೆಂದು ಎದ್ದುನಿಲ್ಲುತ್ತವೆ. ಆದ್ದರಿಂದ ಜೀನೋಮ್‌ವ್ಯಾಪಿ ಅಧ್ಯಯನಗಳು ಆ ಮಿತಿಯನ್ನು ಹತ್ತು ಲಕ್ಷದಿಂದ ಭಾಗಿಸಿ, ಎರಡು ಕೋಟಿಯಲ್ಲಿ ಒಂದು ಎಂಬಷ್ಟು ಕಠಿಣವಾದ ಹೊಸ್ತಿಲನ್ನು ಇಟ್ಟುಕೊಂಡವು; ಅದನ್ನು ದಾಟಿದ ಫಲಿತಾಂಶವನ್ನೂ ಬೇರೊಂದು ಜನಸಮೂಹದಲ್ಲಿ ಮರುಪರೀಕ್ಷಿಸದೆ ಒಪ್ಪಬಾರದೆಂಬ ಕಟ್ಟಳೆಯೂ ಜೊತೆಗೆ ಬಂತು. 2007ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಒಕ್ಕೂಟ ಏಳು ಕಾಯಿಲೆಗಳಿಗೆ ತಲಾ ಸುಮಾರು 2,000 ರೋಗಿಗಳನ್ನೂ, ಎಲ್ಲಕ್ಕೂ ಸಾಮಾನ್ಯವಾದ 3,000 ಜನರ ಹೋಲಿಕೆ ಗುಂಪನ್ನೂ ಇಟ್ಟುಕೊಂಡು ನಡೆಸಿದ ಅಧ್ಯಯನ ಈ ಕ್ಷೇತ್ರದ ಮಾದರಿಯಾಯಿತು. ಅದು ಕೊಟ್ಟ 24 ಸಂಕೇತಗಳಲ್ಲಿ ಬಹುಪಾಲು ಇಂದಿಗೂ ನಿಂತಿವೆ. ಅಭ್ಯರ್ಥಿ ವಂಶವಾಹಿಗಳ ಅವಶೇಷಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಸಣ್ಣ ಸಾಧನೆಯೇನಲ್ಲ.

ಆದರೆ ಕಠಿಣ ಹೊಸ್ತಿಲು ಆಕಸ್ಮಿಕವನ್ನು ತಡೆಯುತ್ತದೆಯೇ ಹೊರತು ಮಾಹಿತಿಯೊಳಗೇ ಅಡಗಿ ಕುಳಿತ ಓರೆಯನ್ನು ತಡೆಯಲಾರದು. ಶತಾಯುಷಿಗಳ ಜೀನೋಮಿನ ಪ್ರಕರಣ ಇದಕ್ಕೆ ಪಾಠದಂತಿದೆ. ನೂರು ವರ್ಷ ದಾಟಿ ಬದುಕುವವರನ್ನು 150 ಸ್ನಿಪ್‌ಗಳ ನೆರವಿನಿಂದ ಶೇಕಡಾ 77ರಷ್ಟು ನಿಖರವಾಗಿ ಗುರುತಿಸಬಹುದೆಂದು 2010ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಪ್ರಬಂಧ ಹೊರಬಿದ್ದ ಕೆಲವೇ ದಿನಗಳಲ್ಲಿ ಇತರ ತಳಿವಿಜ್ಞಾನಿಗಳು ಅದರ ಸಂಖ್ಯೆಗಳು ನಂಬಲಾಗದಷ್ಟು ಚೆನ್ನಾಗಿವೆ ಎಂದು ಆಕ್ಷೇಪವೆತ್ತಿದರು. ಶತಾಯುಷಿಗಳ ಡಿಎನ್‌ಎಯನ್ನೂ ಹೋಲಿಕೆ ಗುಂಪಿನ ಡಿಎನ್‌ಎಯನ್ನೂ ಸ್ನಿಪ್‌ಗಳನ್ನು ಓದುವ ಒಂದೇ ಬಗೆಯ ಚಿಪ್‌ನಲ್ಲಿ ಓದಿರಲಿಲ್ಲ. ಬಳಸಿದ ಚಿಪ್‌ಗಳಲ್ಲಿ ಒಂದು ಕೆಲವು ತಾಣಗಳನ್ನು ತಪ್ಪಾಗಿ ಓದುತ್ತಿತ್ತು. ಚಿಪ್‌ನ ದೋಷವು ದೀರ್ಘಾಯುಷ್ಯದ ಗುರುತಾಗಿ ವೇಷ ತೊಟ್ಟು ಬಂದಿತ್ತು. ಲೇಖಕರೇ 2011ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಹಲವು ಸ್ನಿಪ್‌ಗಳು ಕಠಿಣ ಹೊಸ್ತಿಲನ್ನು ದಾಟಿದ್ದವು ಎಂಬುದನ್ನು ಮರೆಯುವಂತಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಓರೆ ಜನಸಮೂಹದ ಒಳವಿಭಜನೆಯಿಂದ ಬರುತ್ತದೆ. ತಳಿವಿಜ್ಞಾನಿಗಳಾದ ಲ್ಯಾಂಡರ್ ಮತ್ತು ಶಾರ್ಕ್ 1994ರಲ್ಲಿಯೇ ಇದಕ್ಕೊಂದು ಕಾಲ್ಪನಿಕ ನಿದರ್ಶನ ಕೊಟ್ಟಿದ್ದರು: ಸ್ಯಾನ್ ಫ್ರಾನ್ಸಿಸ್ಕೋದ ಜನರಲ್ಲಿ ಕಡ್ಡಿಗಳಿಂದ ಊಟಮಾಡುವ ಸಾಮರ್ಥ್ಯದ ವಂಶವಾಹಿಯನ್ನು ಹುಡುಕಹೊರಟರೆ, ಚೀನೀ ಮೂಲದವರಲ್ಲಿ ಹೆಚ್ಚಾಗಿರುವ ಯಾವುದೋ ರೋಗನಿರೋಧಕ ಭಿನ್ನರೂಪ ಖಂಡಿತವಾಗಿ ಸಿಗುತ್ತದೆ, ಆದರೆ ಕಡ್ಡಿ ಹಿಡಿಯುವುದನ್ನು ಕಲಿಸಿದ್ದು ವಂಶವಾಹಿಯಲ್ಲ, ಮನೆ. ಪೂರ್ವಜರ ವ್ಯತ್ಯಾಸಗಳನ್ನು ಅಳೆದು ಲೆಕ್ಕದಿಂದ ಕಳೆಯುವ ತಂತ್ರಗಳು ಆಮೇಲೆ ಬಂದವು ಮತ್ತು ಬಹುತೇಕ ಸಂದರ್ಭಗಳಲ್ಲಿ ಸಾಕಾಗುವಂತೆಯೂ ಕಂಡವು. ಉತ್ತರ ಯುರೋಪಿನವರು ದಕ್ಷಿಣದವರಿಗಿಂತ ಎತ್ತರವಾಗಿರುವುದಕ್ಕೆ ನೂರಾರು ಸ್ನಿಪ್‌ಗಳ ಮೇಲೆ ನಿಸರ್ಗದ ಆಯ್ಕೆ ಕೆಲಸ ಮಾಡಿದ್ದೇ ಕಾರಣವೆಂಬ ವಾದ ಆ ನಂಬಿಕೆಯ ಮೇಲೆಯೇ ನಿಂತಿತ್ತು. 2019ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ, ಹಲವು ದೇಶಗಳಿಂದ ಹೆಕ್ಕಿದ ಹಳೆಯ ಮಾಹಿತಿಯ ಬದಲು ಸುಮಾರು ಐದು ಲಕ್ಷ ಜನರ ಯುಕೆ ಬಯೋಬ್ಯಾಂಕಿನ ಮಾಹಿತಿಯನ್ನು ಬಳಸಿ ಅದೇ ಲೆಕ್ಕ ಮಾಡಿದಾಗ ಆ ಆಯ್ಕೆಯ ಸಂಕೇತ ಬಹುಮಟ್ಟಿಗೆ ಕರಗಿಹೋಯಿತು. ಒಂದೊಂದು ಸ್ನಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಉಳಿದಿದ್ದ ಓರೆ, ನೂರಾರು ಸ್ನಿಪ್‌ಗಳನ್ನು ಕೂಡಿಸಿದಾಗ ದೊಡ್ಡದಾಗಿ ಬೆಳೆದಿತ್ತು. ಈ ಕೂಡಿಸುವಿಕೆಯ ಅಪಾಯ ಮುಂದೆ ಬರುವ ಅಪಾಯ ಸೂಚ್ಯಂಕಗಳ ಮಾತಿಗೂ ಸಲ್ಲುತ್ತದೆ.

ಇನ್ನು ಸಂಕೇತ ಸಿಕ್ಕ ತಾಣ ಏನನ್ನು ಹೇಳುತ್ತದೆ ಎಂಬ ಪ್ರಶ್ನೆ. ವರ್ಣತಂತುವಿನಲ್ಲಿ ಅಕ್ಕಪಕ್ಕದ ಅಕ್ಷರಗಳು ತಲೆಮಾರುಗಳುದ್ದಕ್ಕೂ ಒಟ್ಟಿಗೇ ಹರಿದುಬರುವುದರಿಂದ, ಚಿಪ್ ಗುರುತಿಸಿದ ಸ್ನಿಪ್ ಅಪರಾಧಿಯೇ ಆಗಿರಬೇಕಿಲ್ಲ, ಅದರ ನೆರೆಯವನಾಗಿದ್ದರೂ ಸಾಕು. ಬೊಜ್ಜಿಗೆ ಸಂಬಂಧಿಸಿದ ಎಫ್‌ಟಿಒ ವಂಶವಾಹಿಯ ಸಂಕೇತ 2007ರಲ್ಲಿ ಸಿಕ್ಕಿತು. ಅದರ ಅಪಾಯದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರ ತೂಕ ಸರಾಸರಿ ಸುಮಾರು ಮೂರು ಕಿಲೋ ಹೆಚ್ಚು. ಎಫ್‌ಟಿಒ ಹೇಗೆ ಬೊಜ್ಜು ತರುತ್ತದೆಂದು ವರ್ಷಗಟ್ಟಲೆ ಪ್ರಯೋಗಗಳು ನಡೆದ ಮೇಲೆ, ಆ ತಾಣದ ಅಕ್ಷರಗಳು ದೂರದಲ್ಲಿರುವ ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಎಂಬ ಬೇರೆ ವಂಶವಾಹಿಗಳನ್ನು ನಿಯಂತ್ರಿಸುತ್ತವೆಂದು 2014 ಮತ್ತು 2015ರ ಸಂಶೋಧನೆಗಳು ತೋರಿಸಿದವು. ಸಂಖ್ಯಾಶಾಸ್ತ್ರ ಊರನ್ನು ಸರಿಯಾಗಿ ಹೇಳಿತ್ತು, ಮನೆಯನ್ನು ತೋರಿಸಿದ್ದು ಪ್ರಯೋಗಾಲಯ.

ಈ ಎರಡರ ಸಹಕಾರ ಸರಿಯಾಗಿ ಕೂಡಿದಾಗ ಸಿಗುವ ಫಲ ಎಷ್ಟು ದೊಡ್ಡದೆಂಬುದಕ್ಕೆ ಪಿಸಿಎಸ್‌ಕೆ9 ವಂಶವಾಹಿಗಿಂತ ಉತ್ತಮ ಸಾಕ್ಷ್ಯ ಸಿಗುವುದು ಕಷ್ಟ. ಅದರಲ್ಲಿನ ಒಂದು ಬಗೆಯ ದೋಷ ಕೊಲೆಸ್ಟರಾಲನ್ನು ವಿಪರೀತ ಏರಿಸುತ್ತದೆಂದು 2003ರಲ್ಲಿ ಫ್ರೆಂಚ್ ಕುಟುಂಬಗಳಲ್ಲಿ ಕಂಡಿತ್ತು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದರ ವಿರುದ್ಧ ದಿಕ್ಕಿನಿಂದ ಹೊರಟು, ಈ ವಂಶವಾಹಿ ಕೆಲಸ ಮಾಡದಂತೆ ಹುಟ್ಟಿದ ಕಪ್ಪು ಜನರಲ್ಲಿ ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಶೇಕಡಾ 28ರಷ್ಟು ಕಡಿಮೆಯಿದ್ದು, ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಶೇಕಡಾ 88ರಷ್ಟು ಇಳಿದಿದೆಯೆಂದು ತಿಳಿಸಿತು. ಇದನ್ನೇ ಗುರಿಯಾಗಿಸಿದ ಔಷಧಗಳು 2015ರಲ್ಲಿ ಬಳಕೆಗೆ ಬಂದವು. ಇಲ್ಲಿ ಕೆಲಸ ಮಾಡಿದ ತರ್ಕವನ್ನು ಮೆಂಡೆಲೀಯ ಯಾದೃಚ್ಛೀಕರಣ ಎನ್ನುತ್ತಾರೆ: ತಂದೆ ತಾಯಿಯರ ಎರಡು ಪ್ರತಿಗಳಲ್ಲಿ ಯಾವುದು ಮಗುವಿಗೆ ಬರುತ್ತದೆಂಬುದು ಚೀಟಿ ಎತ್ತಿದಷ್ಟೇ ಯಾದೃಚ್ಛಿಕವಾದ್ದರಿಂದ, ಊಟ, ದುಡ್ಡು, ದುಶ್ಚಟಗಳ ಗೊಂದಲವಿಲ್ಲದೆ ಕಾರಣ ಪರಿಣಾಮಗಳನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ. ಇದೇ ತರ್ಕ 2012ರಲ್ಲಿ ಇನ್ನೊಂದು ಗಟ್ಟಿ ನಂಬಿಕೆಯನ್ನು ಅಲುಗಾಡಿಸಿತು. ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಅನ್ನು ಹುಟ್ಟಿನಿಂದಲೇ ಏರಿಸುವ ಭಿನ್ನರೂಪವೊಂದನ್ನು ಹೊತ್ತವರಿಗೆ ಹೃದಯಾಘಾತದಿಂದ ಯಾವ ವಿಶೇಷ ರಕ್ಷಣೆಯೂ ಇರಲಿಲ್ಲ. ಎಚ್‌ಡಿಎಲ್ ಏರಿಸುವ ಔಷಧಗಳಿಗೆ ಹಣ ಸುರಿದ ಕಂಪನಿಗಳಿಗೆ ಈ ಲೆಕ್ಕ ಮೊದಲೇ ಸಿಕ್ಕಿದ್ದರೆ ಎಷ್ಟೋ ಉಳಿಯುತ್ತಿತ್ತು.

ಹೀಗೆ ಶೋಧದ ಸಾಧನವಾಗಿ ಗಳಿಸಿದ ಗೌರವವನ್ನು ಭವಿಷ್ಯ ನುಡಿಯುವುದಕ್ಕೆ ಅಡವಿಡಲಾಗುತ್ತಿರುವುದು ಇಂದಿನ ತೊಡಕು. ಸಾವಿರಾರು ಸ್ನಿಪ್‌ಗಳ ಚಿಕ್ಕಪುಟ್ಟ ಪರಿಣಾಮಗಳನ್ನು ಕೂಡಿಸಿ ಒಬ್ಬ ವ್ಯಕ್ತಿಗೆ ಒಂದೇ ಅಂಕ ಕೊಡುವುದನ್ನು ಬಹುಜೀನ್ ಅಪಾಯ ಸೂಚ್ಯಂಕ ಎನ್ನುತ್ತಾರೆ. 2018ರ ಪ್ರಮುಖ ಪ್ರಬಂಧವೊಂದು, ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಉಳಿದವರಿಗಿಂತ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚಿರುವ ಶೇಕಡಾ 8ರಷ್ಟು ಜನರನ್ನು ಈ ಸೂಚ್ಯಂಕ ಗುರುತಿಸಬಲ್ಲದೆಂದು ಹೇಳಿ ದೊಡ್ಡ ಸುದ್ದಿಯಾಯಿತು. ಅಪಾಯ ಸರಿಯಾಗಿ ಮೂರು ಪಟ್ಟು ಎಂದಿಟ್ಟುಕೊಂಡು ಸರಳ ಲೆಕ್ಕ ಮಾಡಿದರೂ, ಮುಂದೆ ಕಾಯಿಲೆಗೆ ಬೀಳುವವರಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಆ ಗುಂಪಿನ ಹೊರಗಿನವರೇ ಆಗಿರುತ್ತಾರೆಂಬುದು ಮಾತ್ರ ಸುದ್ದಿಯಾಗಲಿಲ್ಲ. ಗುಂಪಿನ ಸರಾಸರಿಯನ್ನು ಹೇಳುವ ಅಂಕಿಯನ್ನು ಒಬ್ಬನ ಹಣೆಬರಹದಂತೆ ಓದುವ ಈ ಚಾಳಿ, ಎಂಜಲಿನ ಮಾದರಿ ಕಳಿಸಿದರೆ ಬಣ್ಣದ ಪಟ್ಟಿಗಳ ವರದಿ ಕಳಿಸುವ ವ್ಯಾಪಾರದಲ್ಲಿ ಜಾತಕ ಬರೆಸುವುದಕ್ಕೆ ತೀರ ಹತ್ತಿರ ಬಂದು ನಿಂತಿದೆ. ಭ್ರೂಣಗಳನ್ನು ಇಂಥ ಅಂಕಗಳಿಂದ ಆರಿಸುವ ಪ್ರಸ್ತಾಪಗಳೂ ಹೊರಟಿವೆ. ಈ ಗಣಿತದ ಜನಕನಾದ ಫಿಷರ್ ಸುಸಂತತಿವಾದದ ಕಟ್ಟಾ ಬೆಂಬಲಿಗರೂ ಆಗಿದ್ದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ.

ಇದರ ಜೊತೆಗೆ ಯಾರ ಮಾಹಿತಿಯಿಂದ ಯಾರಿಗೆ ಅಂಕ ಎಂಬ ಪ್ರಶ್ನೆಯಿದೆ. 2019ರ ಸಮೀಕ್ಷೆಯೊಂದರ ಪ್ರಕಾರ ಜೀನೋಮ್‌ವ್ಯಾಪಿ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇಕಡಾ 79ರಷ್ಟು ಜನ ಯುರೋಪಿಯನ್ ಮೂಲದವರು. 54 ಲಕ್ಷ ಜನರನ್ನು ಒಳಗೊಂಡ 2022ರ ಎತ್ತರದ ಅಧ್ಯಯನ 12,111 ಸ್ನಿಪ್‌ಗಳನ್ನು ಗುರುತಿಸಿತಾದರೂ, ಅವು ಯುರೋಪಿಯನ್ ಮೂಲದವರಲ್ಲಿ ಎತ್ತರದ ಏರಿಳಿತದ ಸುಮಾರು ಶೇಕಡಾ 40ನ್ನು ವಿವರಿಸಿದರೆ ಉಳಿದವರಲ್ಲಿ 10ರಿಂದ 20ನ್ನಷ್ಟೇ ವಿವರಿಸಿದವು. ನೆರೆಹೊರೆಯ ಅಕ್ಷರಗಳ ಜೋಡಣೆ ಜನಸಮೂಹದಿಂದ ಜನಸಮೂಹಕ್ಕೆ ಬದಲಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಎತ್ತರದಂಥ ಸುಲಭವಾಗಿ ಅಳೆಯಬಹುದಾದ ಲಕ್ಷಣದ ಗತಿಯೇ ಹೀಗಾದರೆ, ಭಾರತೀಯನೊಬ್ಬನ ಹೃದಯದ ಬಗ್ಗೆ ಅದೇ ಬಗೆಯ ಅಂಕ ಹೇಳುವ ಮಾತನ್ನು ತುಸು ಅನುಮಾನದಿಂದಲೇ ಕೇಳಬೇಕು.

ಭಾರತದ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಜಾತಿಯೊಳಗೇ ಮದುವೆಯಾಗುವ ರೂಢಿ ಶತಮಾನಗಳಿಂದ ನಡೆದುಬಂದುದರಿಂದ, ಹೊರಗಿನಿಂದ ಒಂದೇ ಎನಿಸುವ ಜನ ಒಳಗೆ ಸಾವಿರಾರು ಕಿರುಸಮೂಹಗಳಾಗಿ ಹಂಚಿಹೋಗಿದ್ದಾರೆ. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿದ 2017ರ ಅಧ್ಯಯನ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದುಬಂದ ಗುರುತನ್ನು ಫಿನ್ಲೆಂಡಿನವರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ಬಲವಾಗಿ ಹೊತ್ತಿವೆಯೆಂದು ಕಂಡುಕೊಂಡಿತು. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಬ್ಯೂಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಇತರರಿಗಿಂತ ಬಹಳ ಹೆಚ್ಚಾಗಿರುವುದು, ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧದಿಂದ ಅಂಥವರ ಉಸಿರಾಟದ ಸ್ನಾಯುಗಳು ಬಹಳ ಹೊತ್ತು ಚೇತರಿಸಿಕೊಳ್ಳದಿರುವುದು ಇದರ ಸ್ಪಷ್ಟ ನಿದರ್ಶನ. ಇಲ್ಲಿ ಒಂದೇ ವಂಶವಾಹಿ, ದೊಡ್ಡ ಪರಿಣಾಮ, ಅರಿವಳಿಕೆ ತಜ್ಞರು ತಕ್ಷಣ ಬಳಸಬಹುದಾದ ತಿಳಿವಳಿಕೆ ಇವೆ. ಅಂಕಗಳ ಮೊತ್ತದ ಅಗತ್ಯವಿಲ್ಲ.

ಆದರೂ ಭಾರತೀಯ ಮಾಹಿತಿ ಎಂದಮಾತ್ರಕ್ಕೆ ಎಚ್ಚರ ತಪ್ಪುವಂತಿಲ್ಲ. ಹೃದಯದ ಸ್ನಾಯುವಿನ ಪ್ರೋಟೀನೊಂದರ ಎಂವೈಬಿಪಿಸಿ3 ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ರೂಪ ದಕ್ಷಿಣ ಏಷ್ಯಾದ ಸುಮಾರು ಶೇಕಡಾ 4ರಷ್ಟು ಜನರಲ್ಲಿದ್ದು, ಹೃದಯ ವೈಫಲ್ಯದ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆಂದು 2009ರಲ್ಲಿ ಪ್ರಕಟವಾದಾಗ ಕೋಟ್ಯಂತರ ಜನರ ತಲೆಯ ಮೇಲೆ ಕತ್ತಿ ತೂಗಿದಂತಾಗಿತ್ತು. 2020ರ ಮರುಪರಿಶೀಲನೆಯಲ್ಲಿ, ಹೃದಯಸ್ನಾಯು ದಪ್ಪವಾಗುವ ಕಾಯಿಲೆಯ ಮಟ್ಟಿಗೆ ನಿಜವಾದ ಅಪಾಯ ಆ ಲೋಪದ ಜೊತೆಯಲ್ಲಿ ಕೆಲವರಲ್ಲಿ ಮಾತ್ರ ಇರುವ ಇನ್ನೊಂದು ವಿರಳ ದೋಷದ್ದೆಂದು ತೋರಿತು. ಎಫ್‌ಟಿಒ ಪ್ರಕರಣದಂತೆಯೇ ಇಲ್ಲಿಯೂ ನೆರೆಯವನ ಹೆಸರು ಮೊದಲು ಕೇಳಿಬಂದಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 83 ಜನಸಮೂಹಗಳ ಸುಮಾರು 10,000 ಜನರ ಜೀನೋಮ್‌ಗಳನ್ನು ಓದಿ, ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಒಂದೊಂದು ಸಮೂಹಕ್ಕೆ ಸರಾಸರಿ ನೂರಿಪ್ಪತ್ತು ಜನ ಎಂದಾಯಿತು. ಆ ಸಮೂಹದಲ್ಲಿ ನೂರಕ್ಕೆ ಒಂದೆರಡು ಪ್ರತಿಗಳಷ್ಟು ಹರಡಿರುವ ಕಿಣ್ವದೋಷಗಳನ್ನೂ ರಕ್ತದ ಕಾಯಿಲೆಗಳ ವಾಹಕ ರೂಪಗಳನ್ನೂ ಪಟ್ಟಿಮಾಡಲು ಇದು ಧಾರಾಳವಾಗಿ ಸಾಲುತ್ತದೆ, ಮತ್ತು ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೂ ಶಸ್ತ್ರಚಿಕಿತ್ಸಾ ಕೋಣೆಗೂ ಮೊದಲು ಬೇಕಾಗಿರುವುದು ಅಂಥ ಪಟ್ಟಿಯೇ. ಸಕ್ಕರೆಕಾಯಿಲೆಯ ಬಹುಜೀನ್ ಸೂಚ್ಯಂಕಕ್ಕೆ ಇದರ ನೂರು ಪಟ್ಟು ಜನ, ಅವರ ವರ್ಷಾನುಗಟ್ಟಲೆಯ ಆರೋಗ್ಯ ದಾಖಲೆಗಳ ಸಮೇತ ಬೇಕು.