ಲಕ್ಕಮ್ಮನ ಅಕ್ಕಿ, ಕೆರಗೋಡಿನ ಕಬ್ಬು

ಉಳಿತಾಯದ ಮಾತು ಬಂದಾಗಲೆಲ್ಲ ಆಯ್ದಕ್ಕಿ ಲಕ್ಕಮ್ಮನನ್ನು ಉದಾಹರಿಸುವುದನ್ನು ಹಲವು ಸಲ ಕೇಳಿದ್ದೇನೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತರುತ್ತಾನೆ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎನ್ನುತ್ತಾಳೆ ಲಕ್ಕಮ್ಮ. ಇದನ್ನು ಮಿತವ್ಯಯದ ಪಾಠವಾಗಿ ಓದುವುದರ ಬಗ್ಗೆ ನನಗೆ ತಕರಾರಿದೆ. ಲಕ್ಕಮ್ಮ ಇಲ್ಲಿ ಏನನ್ನೂ ಉಳಿಸುತ್ತಿಲ್ಲ, ಕೂಡಿಡುವುದನ್ನೇ ನಿರಾಕರಿಸುತ್ತಿದ್ದಾಳೆ. ನಾಳೆಯ ಅಕ್ಕಿ ನಾಳೆಯ ಕಾಯಕದಿಂದ ಬರುತ್ತದೆ ಎಂಬ ನಂಬಿಕೆಯ ಮೇಲೆ ಆ ನಿರಾಕರಣೆ ನಿಂತಿದೆ. ಅದು ದಿನವೂ ದುಡಿದು ದಿನವೂ ಪಡೆಯುವವರ ಲೆಕ್ಕ.

ಕೆರಗೋಡು ಹೋಬಳಿಯ ಕಬ್ಬಿನ ಮನೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾಟಿಯಿಂದ ಕಟಾವಿಗೆ ಹೆಚ್ಚುಕಡಿಮೆ ಒಂದು ವರ್ಷ. ಬಿತ್ತನೆ, ಗೊಬ್ಬರ, ಕಳೆ, ಕೂಲಿ ಎಂದು ಖರ್ಚು ಮೊದಲೇ ಆಗುತ್ತದೆ, ಕಬ್ಬಿನ ದುಡ್ಡು ಕೊನೆಗೆ ಒಂದೇ ಸಲ ಬರುತ್ತದೆ. ನಡುವಿನ ದಿನಗಳಲ್ಲಿ ಒಲೆ ಉರಿಯುವುದು ಡೇರಿಯ ಹಾಲಿನ ಬಟವಾಡೆಯಿಂದ. ಅದು ಸಾಲದಿದ್ದರೆ ಸಾಲ. ಸರ್ವಜ್ಞನ ತ್ರಿಪದಿ ಸಾಲ ತರುವಾಗಿನ ಸುಖವನ್ನೂ ತೀರಿಸುವಾಗಿನ ನೋವನ್ನೂ ಅಕ್ಕಪಕ್ಕ ಇಡುತ್ತದೆ. ತಿಂಗಳ ಸಂಬಳದವರಿಗೆ ಅದು ಬುದ್ಧಿಮಾತು. ಕಬ್ಬಿನವರಿಗೆ ಸಾಲ ದುಂದಿನ ಫಲವಲ್ಲ, ನಾಟಿಗೂ ಪಾವತಿಗೂ ನಡುವಿನ ಅಂತರಕ್ಕೆ ಇರುವ ಇನ್ನೊಂದು ಹೆಸರು.

ನಮ್ಮ ವಿಮರ್ಶೆ ಸಾಲಗಾರನೆಂದರೆ ರೈತನೇ ಎಂದುಕೊಂಡುಬಿಟ್ಟಿದೆ. 1966ರ ಕಬ್ಬು ನಿಯಂತ್ರಣ ಆದೇಶ ಹಾಗೆ ಹೇಳುವುದಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಅಂದರೆ ಬಾಕಿ ಉಳಿದ ದಿನಗಳಲ್ಲಿ ರೈತ ಸಾಲಿಗ, ಕಾರ್ಖಾನೆ ಸಾಲಗಾರ. ಆದರೂ ಹಿಡಿತದಲ್ಲಿ ಖರ್ಚು ಮಾಡಿ ಎಂಬ ಉಪದೇಶ ಬರುವುದು ರೈತನ ಜಗಲಿಗೇ.

ಹಾಗಿದ್ದರೆ ಹೆಚ್ಚು ಗಳಿಸುವುದೇ ದಾರಿಯೆ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಅಪ್ಪ ಚಹಾ ಕಂಪನಿಯ ಮಾರಾಟಗಾರ. ಸಂಜೆಯ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಯೇ ಕಳವಳಪಡುತ್ತದೆ. ಚಿಕ್ಕಪ್ಪನ ಸೋನಾ ಮಸಾಲಾ ಬಂದ ಮೇಲೆ ಹಣ ಹೆಚ್ಚುತ್ತದೆ, ಸಂಬಂಧಗಳು ಗೋಜಲಾಗುತ್ತವೆ. ಇದನ್ನು ಸಿರಿತನ ಕೆಡಿಸಿದ ಕಥೆಯೆಂದು ಓದುವುದು ಸುಲಭ. ನನಗೆ ಕಾಣುವುದು ಬೇರೆ. ಆ ಮನೆ ಕಳೆದುಕೊಂಡದ್ದು ಬಡತನವನ್ನಲ್ಲ, ಎಲ್ಲರಿಗೂ ಗೊತ್ತಿದ್ದ ಲೆಕ್ಕವನ್ನು. ಹಣ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಎಂದು ಕೇಳುವ ಹಕ್ಕು ಮನೆಯೊಳಗೇ ಕರಗಿಹೋಯಿತು.

ಕೇಳುವ ಆ ಹಕ್ಕು ಇವತ್ತು ಹಳ್ಳಿಯ ಹೆಂಗಸರಿಗೂ ಬೇಕಾಗಿದೆ. ಬೆಳೆಯ ದುಡ್ಡು ವರ್ಷಕ್ಕೊಮ್ಮೆ ಬಂದರೆ, ಮೈಕ್ರೋ ಫೈನಾನ್ಸ್ ಕಂತು ವಾರಕ್ಕೋ ತಿಂಗಳಿಗೋ ಬಾಗಿಲಿಗೆ ಬರುತ್ತದೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷದವರೆಗಿನ ಜೈಲು ಶಿಕ್ಷೆಯನ್ನು ಅದರಲ್ಲಿ ಸೇರಿಸಿತು. ಅದು ವಸೂಲಿಗಾರನ ಬಾಯಿಗೆ ಕಡಿವಾಣ ಹಾಕಬಹುದು. ಕಂತಿನ ಗಡುವಿಗೂ ಬೆಳೆಯ ಗಡುವಿಗೂ ಇರುವ ವೈಮನಸ್ಯ ಹಾಗೇ ಉಳಿಯುತ್ತದೆ.

ಆದ್ದರಿಂದ ಲಕ್ಕಮ್ಮನನ್ನು ಉಳಿತಾಯದ ಭಾಷಣಗಳಿಂದ ಬಿಡಿಸಿ ತರಬೇಕು ಎನ್ನುತ್ತೇನೆ. ನಮ್ಮ ಪಾಲಿಗಿಂತ ಹೆಚ್ಚಿನದು ಮನೆಗೇಕೆ ಬಂತು ಎಂಬುದು ಅವಳ ಪ್ರಶ್ನೆ. ಅದನ್ನು ಎರಡು ಹೊತ್ತಿನ ಊಟಕ್ಕೆ ಕಡ ತಂದವಳಿಗೆ ಕೇಳಿದರೆ ವಚನಕ್ಕೇ ಅವಮಾನ. ಕೇಳಬೇಕಾದ್ದು ಬಡ್ಡಿ ಎಣಿಸುವವರನ್ನು, ಬಾಕಿ ಉಳಿಸಿಕೊಂಡವರನ್ನು.