ರೌದ್ರವೋ, ರಂಪವೋ?

ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 1991ರಲ್ಲಿ ಹುಟ್ಟಿದ ‘ರೇಜ್ ಅಗೇನ್ಸ್ಟ್ ದ ಮೆಷೀನ್’ ಎಂಬ ವಾದ್ಯವೃಂದದ ಹಾಡುಗಳನ್ನು ಕೇಳಿದ ಹಿರಿಯರು, ‘ಇದು ಸಂಗೀತವಲ್ಲ, ರಂಪ’ ಎನ್ನುವುದುಂಟು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರ‍್ಯಾಪಿನ ತಾಳಬದ್ಧ ಮಾತನ್ನು ರಾಕ್ ಸಂಗೀತದ ಅಬ್ಬರಕ್ಕೆ ಬೆಸೆದ ಈ ಪ್ರಕಾರದಲ್ಲಿ ರಾಗದ ಇಂಪನ್ನು ಅರಸುವುದು ವ್ಯರ್ಥ. ಗಾಯಕ ಜ್ಯಾಕ್ ಡೆ ಲಾ ರೋಚಾ ಹಾಡುವುದಕ್ಕಿಂತ ಹೆಚ್ಚಾಗಿ ಆಪಾದಿಸುತ್ತಾನೆ. ಟಾಮ್ ಮೊರೆಲ್ಲೊ ಗಿಟಾರನ್ನು ನುಡಿಸುವುದಕ್ಕಿಂತ ಹೆಚ್ಚಾಗಿ ಕೆರಳಿಸುತ್ತಾನೆ.

ಆದರೆ ನಮ್ಮ ಆಲಂಕಾರಿಕರು ಕ್ರೋಧವನ್ನೂ ಸ್ಥಾಯಿಭಾವಗಳಲ್ಲಿ ಎಣಿಸಿದ್ದಾರೆ. ಅದು ರೌದ್ರರಸವಾಗಿ ಪರಿಣಮಿಸಬೇಕಾದರೆ ಆಲಂಬನವು ಸ್ಪಷ್ಟವಾಗಿರಬೇಕು. ಎಂದರೆ, ಕೋಪಕ್ಕೊಂದು ಗುರಿಯಿರಬೇಕು. ಗುರಿಯಿಲ್ಲದ ಕೋಪವೇ ರಂಪ. ಈ ವೃಂದವನ್ನು ಅಳೆಯಲು ಇದೇ ತಕ್ಕ ಅಳತೆಗೋಲೆಂದು ನನ್ನ ಭಾವನೆ.

1992ರಲ್ಲಿ ಹೊರಬಂದ ಇವರ ಮೊದಲ ಆಲ್ಬಮ್ಮಿನಲ್ಲಿ ಗುರಿ ನಿಚ್ಚಳವಾಗಿದೆ. ರಾಡ್ನಿ ಕಿಂಗ್ ಎಂಬ ಕಪ್ಪು ಜನಾಂಗದವನನ್ನು 1991ರಲ್ಲಿ ಥಳಿಸಿದ ಪೊಲೀಸರಿಗೆ ಮರುವರ್ಷ ನ್ಯಾಯಾಲಯವು ಶಿಕ್ಷೆ ವಿಧಿಸದಿದ್ದಾಗ ಲಾಸ್ ಏಂಜಲಿಸ್ ಹೊತ್ತಿ ಉರಿದಿತ್ತು. ‘ಕಿಲ್ಲಿಂಗ್ ಇನ್ ದ ನೇಮ್’ ಎಂಬ ಹಾಡು ಪೊಲೀಸ್ ಬಿಲ್ಲೆಗೂ, ಶಿಲುಬೆ ಸುಡುವ ಕು ಕ್ಲಕ್ಸ್ ಕ್ಲಾನಿಗೂ ಇರುವ ನಂಟನ್ನು ಬಯಲಿಗೆಳೆಯುತ್ತದೆ. ಅದೇ ಆಲ್ಬಮ್ಮಿನ ಮುಖಚಿತ್ರದಲ್ಲಿ ಇನ್ನೊಂದು ಬೆಂಕಿಯಿದೆ. ಬೌದ್ಧರ ಮೇಲಿನ ದಬ್ಬಾಳಿಕೆಯನ್ನು ಪ್ರತಿಭಟಿಸಿ 1963ರ ಜೂನ್ 11ರಂದು ಸೈಗಾನಿನ ಬೀದಿಯಲ್ಲಿ ಆತ್ಮಾಹುತಿ ಮಾಡಿಕೊಂಡ ಭಿಕ್ಷು ತಿಚ್ ಕ್ವಾಂಗ್ ಡಕ್‌ನ ಛಾಯಾಚಿತ್ರ ಅದು. ತೆಗೆದವನು ಮಾಲ್ಕಮ್ ಬ್ರೌನ್. ಒಂದು ಬೆಂಕಿ ಪರರನ್ನು ಬೆದರಿಸಲು ಹಚ್ಚಿದ್ದು. ಇನ್ನೊಂದು ಪರರಿಗಾಗಿ ತಾನೇ ಹೊತ್ತುಕೊಂಡದ್ದು. ಈ ಕಲಾವಿದರನ್ನು ಧರ್ಮದ್ವೇಷಿಗಳೆಂದು ಸಾರುವವರು ಈ ಭೇದವನ್ನು ಗಮನಿಸಿದಂತಿಲ್ಲ. ಅವರ ವಿರೋಧ ಅಧಿಕಾರಕ್ಕೆ ಊಳಿಗ ಮಾಡುವ ಧರ್ಮದೊಡನೆ. ಅನ್ಯಾಯವನ್ನು ಎದುರಿಸುವ ಧರ್ಮವನ್ನು ಅವರು ಮುಖಪುಟದಲ್ಲೇ ಇರಿಸಿದ್ದಾರೆ.

ದೋಷವನ್ನೂ ಹೇಳಬೇಕು. ಈ ಕ್ರೋಧವನ್ನು ಲೋಕಕ್ಕೆ ಮಾರಿದ್ದು ಸೋನಿಯ ಒಡೆತನದ ಎಪಿಕ್ ಸಂಸ್ಥೆ. 2009ರ ಕ್ರಿಸ್‌ಮಸ್ ಕಾಲದಲ್ಲಿ ಬ್ರಿಟನ್ನಿನ ಜನ, ಟೆಲಿವಿಷನ್ ಸ್ಪರ್ಧೆಯೊಂದರ ವಿಜೇತನ ಹಾಡನ್ನು ಸೋಲಿಸಲೆಂದೇ ‘ಕಿಲ್ಲಿಂಗ್ ಇನ್ ದ ನೇಮ್’ ಕೊಂಡು ಅದನ್ನು ಮೊದಲ ಸ್ಥಾನಕ್ಕೇರಿಸಿದರು. ಸೋತ ಹಾಡೂ ಸೋನಿಯದೇ! ಬ್ಯಾಂಕಿನ ಲೆಜರುಗಳಲ್ಲಿ ಆಯುಷ್ಯ ಸವೆಸಿದ ನನ್ನಂಥವನಿಗೆ ಇದು ಒಂದೇ ಮನೆಯ ಜಮಾ-ಖರ್ಚಾಗಿ ಕಂಡರೆ ಆಶ್ಚರ್ಯವಿಲ್ಲ. ಕ್ಲಾನು ನಿಂತಿದ್ದ ಎಡೆಯಲ್ಲಿ ಟೆಲಿವಿಷನ್ ಸ್ಪರ್ಧೆ ಬಂದು ನಿಂತಾಗ ರೌದ್ರವು ಹಾಸ್ಯಕ್ಕಿಳಿಯಿತು. ಆ ಗೆಲುವಿನ ಗಳಿಕೆಯನ್ನು ವಸತಿಹೀನರ ಸೇವೆಗೆ ಮೀಸಲಿಟ್ಟು ವೃಂದವು ತನ್ನ ಮಾನ ಉಳಿಸಿಕೊಂಡಿತು.

ಹಾಗಾದರೆ ಮಾರಾಟವಾದ ಪ್ರತಿಭಟನೆಯೆಲ್ಲ ಹುಸಿಯೇ? ಹಾಗೆನ್ನಲಾರೆ. 2000ದ ಜನವರಿಯಲ್ಲಿ ಇದೇ ಕಲಾವಿದರು ಚಿತ್ರೀಕರಣಕ್ಕಾಗಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಎದುರು ನಿಂತು ನುಡಿಸಿದಾಗ, ಆ ಕೇಂದ್ರವು ಹಗಲಿನಲ್ಲೇ ಬಾಗಿಲು ಹಾಕಿಕೊಂಡಿತು. ಅಂಗಡಿಯಲ್ಲಿ ಸಲೀಸಾಗಿ ಬಿಕರಿಯಾದ ಕೋಪ ಹೊಸ್ತಿಲಿಗೇ ಬಂದಾಗ ಸಂಪತ್ತಿಗೆ ಸಹ್ಯವಾಗಲಿಲ್ಲ. ಅಂದು ಆಲಂಬನವು ಎದುರಿಗೇ ಇತ್ತು. ಅದನ್ನು ರಂಪವೆಂದು ಕರೆಯಲು ನನ್ನ ಮನಸ್ಸು ಒಪ್ಪದು.